ಕಂಬಳಿ ಬೇಡ, ಸೊಳ್ಳೆಪರದೆ ಸಾಕು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಮಲ್ಚಿಂಗ್ ಮತ್ತು ಲೋ ಟನಲ್ ಬಗ್ಗೆಯೇ ಇವೆ. ಮಲ್ಚಿಂಗ್ ಅಂದರೆ ಮಡಿಯ ಮಣ್ಣಿಗೆ ಹುಲ್ಲೋ ಪ್ಲಾಸ್ಟಿಕ್ ಶೀಟೋ ಹೊದಿಸುವುದು. ಲೋ ಟನಲ್ ಅಂದರೆ ಮಡಿಯ ಮೇಲೆ ಗಿಡ್ಡ ಕಮಾನು ನೆಟ್ಟು ಹೊದಿಕೆ ಎಳೆಯುವುದು. ಭತ್ತ ಮನೆಗೆ ಬಂದಿದೆ, ಗದ್ದೆ ಖಾಲಿ ಬಿದ್ದಿದೆ, ಬೇಸಿಗೆ ತರಕಾರಿಗೆ ಎಲ್ಲರೂ ಮಡಿ ಎತ್ತುತ್ತಿದ್ದೀರಿ ಅಂತ ಕಾಣುತ್ತದೆ. ಹೊಸಬರಿಗೆ ಒಂದು ಮಾತು: ನಾನು ಪಾಂಡವಪುರ ತಾಲ್ಲೂಕಿನಲ್ಲಿ ಒಂದು ಎಕರೆ ಹತ್ತು ಗುಂಟೆಯಲ್ಲಿ ತರಕಾರಿ ಮಾಡುವವಳು. ಅರ್ಧಕ್ಕೆ ನಾಲೆ ನೀರು, ಇನ್ನರ್ಧಕ್ಕೆ ಬೋರು. ಮಾಲು ಹೋಗುವುದು ಮೈಸೂರಿನ ಬಂಡಿಪಾಳ್ಯ ಮಾರ್ಕೆಟ್ಟಿಗೆ. ಈ ತೋಟದಲ್ಲಿ ಕಲಿತದ್ದು, ಕೈ ಸುಟ್ಟುಕೊಂಡದ್ದು ಎರಡನ್ನೂ ಹೇಳುತ್ತೇನೆ.

ಪ್ರಶ್ನೆ: ಅಕ್ಕಾ, ಮೊಬೈಲಿನಲ್ಲಿ ಪಂಜಾಬಿನ ಕಡೆಯ ವಿಡಿಯೊ ನೋಡಿ ಹತ್ತು ಗುಂಟೆ ಸೌತೆಗೆ ಪ್ಲಾಸ್ಟಿಕ್ ಟನಲ್ ಹಾಕಿದೆ. ಎಂಟೇ ದಿನಕ್ಕೆ ಸಸಿಗಳು ಬೆಂದ ಸೊಪ್ಪಿನ ಹಾಗೆ ಬಾಡಿದವು. ಅವರಿಗೆ ಬಂದದ್ದು ನನಗೆ ಯಾಕೆ ಬರಲಿಲ್ಲ? ವಯಸ್ಸು 24, ವ್ಯವಸಾಯಕ್ಕೆ ಹೊಸಬ.
– ಓದುಗರು, ಮಳವಳ್ಳಿ ತಾಲ್ಲೂಕು

ತಮ್ಮಾ, ನಿನ್ನ ಕೈಯಲ್ಲಿ ತಪ್ಪಿಲ್ಲ. ಊರು ಬೇರೆ, ಅಷ್ಟೇ.

ಪಂಜಾಬಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿ 5 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಅದಕ್ಕಿಂತಲೂ ಕೆಳಗೆ. ಸೌತೆ, ಕರಬೂಜ, ಸೋರೆಯಂಥ ಬಳ್ಳಿಗಳು 15 ಡಿಗ್ರಿಗಿಂತ ಕಡಿಮೆಯಾದರೆ ಸರಿಯಾಗಿ ಮೊಳೆಯುವುದೇ ಇಲ್ಲ. ಅದಕ್ಕೆ ಅವರು ಕಮಾನು ನೆಟ್ಟು, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಎಳೆದು ಬಿಸಿ ಹಿಡಿದಿಡುತ್ತಾರೆ. ಬಯಲಿನಲ್ಲಿ ಬಿತ್ತಿದವರಿಗಿಂತ ತಿಂಗಳು ಮೊದಲೇ ಕಾಯಿ ಕೀಳುತ್ತಾರೆ. ಮಾರ್ಕೆಟ್ಟಿನಲ್ಲಿ ಮಾಲೇ ಇಲ್ಲದ ಹೊತ್ತಿಗೆ ಇವರ ಕಾಯಿ ಬಂದಿರುತ್ತದೆ. ಅವರ ಲಾಭ ಇರುವುದು ಅಲ್ಲಿ.

ನಮ್ಮಲ್ಲಿ ಜನವರಿ ರಾತ್ರಿ ಅಂದರೆ 16 ಡಿಗ್ರಿ ಆಸುಪಾಸು. ಮಧ್ಯಾಹ್ನ 28, 29. ಮುಚ್ಚಿದ ಪ್ಲಾಸ್ಟಿಕ್ ಒಳಗೆ ಅದಕ್ಕೆ ಇನ್ನೂ ಹತ್ತು ಹದಿನೈದು ಡಿಗ್ರಿ ಸೇರಿಸು. 40 ದಾಟಿತು, ಅಲ್ವಾ? ನೀನು ಸಸಿಗೆ ಮನೆ ಕಟ್ಟಲಿಲ್ಲ, ಇಡ್ಲಿ ಪಾತ್ರೆ ಇಟ್ಟೆ. ಚಳಿಯೇ ಇಲ್ಲದ ಕಡೆ ಕಂಬಳಿ ಹೊದಿಸಿದರೆ ಹೀಗೇ ಆಗುವುದು.

ಹಾಗಂತ ತಂದ ಕಮಾನಿನ ತಂತಿಯನ್ನು ಗುಜರಿಗೆ ಹಾಕಬೇಡ. ನಮ್ಮ ಕಡೆ ಸಸಿಗೆ ಶತ್ರು ಚಳಿಯಲ್ಲ, ಬಿಳಿನೊಣ. ಟೊಮೆಟೊ ಎಲೆ ಮುದುಡಿಸುವ ವೈರಸ್ ಹೊತ್ತು ತರುವುದು ಅದೇ. ಒಮ್ಮೆ ಗಿಡದೊಳಗೆ ವೈರಸ್ ಹೋಯಿತೆಂದರೆ ಅಂಗಡಿಯಲ್ಲಿ ಯಾವ ಬಾಟಲಿ ತಂದರೂ ಪ್ರಯೋಜನವಿಲ್ಲ. ಎಳೆಯದರಲ್ಲಿ ತಗುಲಿದರೆ ಆ ಗಿಡದಿಂದ ಕಾಯಿಯ ಆಸೆ ಬಿಡಬೇಕು. ಹೂ ಬಂದ ಮೇಲೆ ತಗುಲಿದರೆ ಅಷ್ಟು ನಷ್ಟವಿಲ್ಲ. ಅಂದರೆ ಮೊದಲ 25, 30 ದಿನ ಕಾಯ್ದುಕೊಂಡರೆ ಅರ್ಧ ಗೆದ್ದಂತೆ. ಮೆಣಸಿನಕಾಯಿಯ ಎಲೆ ಮುಟುರು ರೋಗಕ್ಕೂ ಇದೇ ಲೆಕ್ಕ. ಅಲ್ಲಿ ನೊಣದ ಜೊತೆ ರಸ ಹೀರುವ ಸಣ್ಣ ಹುಳ ಥ್ರಿಪ್ಸು, ನುಸಿ ಬೇರೆ.

ಅದಕ್ಕೆ ಪ್ಲಾಸ್ಟಿಕ್ ತೆಗೆದು ಅದೇ ಕಮಾನಿನ ಮೇಲೆ ಕ್ರಾಪ್ ಕವರ್ ಹಾಕು. ಬಿಳಿ ಬಟ್ಟೆಯ ಥರ ಇರುತ್ತದೆ, ನೇಯ್ದದ್ದಲ್ಲ. 17 ಜಿಎಸ್‌ಎಂ, 20 ಜಿಎಸ್‌ಎಂ ಅಂತ ಕೇಳಿದರೆ ಕೊಡುತ್ತಾರೆ. ಜಿಎಸ್‌ಎಂ ಅಂದರೆ ದೊಡ್ಡದೇನಲ್ಲ, ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. ಬೆಳಕು, ಗಾಳಿ, ಮಳೆ ಹನಿ ಎಲ್ಲ ಒಳಗೆ ಬರುತ್ತವೆ, ನೊಣ ಬರುವುದಿಲ್ಲ. ಸೊಳ್ಳೆಪರದೆ ಅಂದುಕೋ.

ಮಡಿ ಮೂರಡಿ ಅಗಲ ಇದ್ದರೆ ಆರಡಿಯ ಜಿಐ ತಂತಿ, ಅಂದರೆ ಸತು ಲೇಪಿಸಿದ ಕಬ್ಬಿಣದ ತಂತಿ, ಸಾಕು. ಎರಡೂ ಕಡೆ ಅರ್ಧ ಅಡಿ ಮಣ್ಣಿಗೆ ಇಳಿದರೆ ಮಧ್ಯದಲ್ಲಿ ಒಂದೂವರೆ ಅಡಿ ಎತ್ತರ ಬರುತ್ತದೆ. ಐದಾರು ಅಡಿಗೆ ಒಂದು ಕಮಾನು. ತಂತಿಗೆ ದುಡ್ಡಿಲ್ಲದಿದ್ದರೆ ಸೀಳಿದ ಬಿದಿರು ದೆಬ್ಬೆ ಆಗುತ್ತದೆ, ಆದರೆ ಗೆಣ್ಣು ಚೆನ್ನಾಗಿ ಸವರಿ. ಬಟ್ಟೆ ಅಲ್ಲೇ ಹರಿಯುವುದು. ಅಂಚನ್ನು ನಾಲ್ಕೂ ಕಡೆ ಮಣ್ಣಿನಲ್ಲಿ ಹೂಳಬೇಕು. ಅಲ್ಲೊಂದು ಇಲ್ಲೊಂದು ಕಲ್ಲು ಇಟ್ಟು ಬರುತ್ತಾರೆ ಕೆಲವರು. ಅದಕ್ಕಿಂತ ಹಾಕದಿರುವುದು ಮೇಲು. ಒಳಗೆ ಸೇರಿದ ನಾಲ್ಕು ನೊಣಕ್ಕೆ ಜೇಡವೂ ಇಲ್ಲ, ಹಕ್ಕಿಯೂ ಇಲ್ಲ, ಆರಾಮಾಗಿ ಸಂಸಾರ ಮಾಡುತ್ತವೆ. ನರ್ಸರಿಯಿಂದ ಬಂದ ಟ್ರೇ ಸಸಿಯ ಎಲೆ ಮಗುಚಿ ನೋಡಿ, ನೊಣವಿಲ್ಲದ್ದನ್ನು ಖಾತ್ರಿ ಮಾಡಿಕೊಂಡು ಮುಚ್ಚು.

ಇನ್ನೊಂದು ವಿಷಯ ವಿಡಿಯೊದವರು ಹೇಳುವುದಿಲ್ಲ. ಪರದೆಯೊಳಗೆ ಕಳೆಯೂ ಸುಖವಾಗಿ ಬೆಳೆಯುತ್ತದೆ! ಕಳೆ ಕೀಳಲು ವಾರಕ್ಕೊಮ್ಮೆ ಬಿಚ್ಚಿದರೆ ಪರದೆ ಹಾಕಿದ್ದು ಯಾಕೆ? ಅದಕ್ಕೇ ನೆಲಕ್ಕೆ ಮಲ್ಚಿಂಗ್, ಮೇಲೆ ಪರದೆ, ಎರಡೂ ಜೊತೆಗೇ ಹೋಗಬೇಕು. ಶೀಟಿನ ಕೆಳಗೆ ಡ್ರಿಪ್ ಪೈಪು. ಗೊಬ್ಬರ ಎಲ್ಲ ಮೊದಲೇ ಮಡಿಗೆ ಸೇರಿರಬೇಕು.

ಈಗ ನನ್ನ ಕಥೆ. ಮೂರು ವರ್ಷದ ಹಿಂದೆ ಆರು ಮಡಿ ಕರಬೂಜಕ್ಕೆ ಪರದೆ ಹಾಕಿದ್ದೆ. ಬಳ್ಳಿ ನೋಡಿದರೆ ದೃಷ್ಟಿ ಆಗಬೇಕು, ಹಾಗೆ ಬಂದಿತ್ತು. ಅಷ್ಟರಲ್ಲಿ ಮೇಲುಕೋಟೆಯ ವೈರಮುಡಿ ಬಂತು. ಮನೆ ತುಂಬ ನೆಂಟರು, ಅಡುಗೆ, ಬೆಟ್ಟ ಹತ್ತಿ ಇಳಿಯುವುದು, ಐದು ದಿನ ತೋಟದ ಕಡೆ ತಲೆ ಹಾಕಲಿಲ್ಲ. ಬಂದು ನೋಡಿದರೆ ಪರದೆಯೊಳಗೆ ಕಾಯಿ ಕಟ್ಟುವ ಹೂಗಳು ಅರಳಿ, ಹೂವಿನ ಹಿಂದಿನ ಪುಟಾಣಿ ಮಿಡಿ ಹಳದಿಯಾಗಿ ಉದುರಿವೆ. ಜೇನಿಗೆ ಬಾಗಿಲು ಹಾಕಿ ನಾನು ಜಾತ್ರೆಗೆ ಹೋಗಿದ್ದೆ. ಮೊದಲ ಸುತ್ತಿನ ಕಾಯಿಗೇ ತೂಕ, ಅದಕ್ಕೇ ಬೆಲೆ, ಅದೇ ಹೋಯಿತು. ಆಮೇಲಿನದು ಬಂತು, ಆದರೆ ಬೇಸಿಗೆ ದಾಟಿದ ಮೇಲೆ ಕರಬೂಜ ಕೇಳುವವರು ಯಾರು?

ಬಳ್ಳಿ ಜಾತಿಯಲ್ಲಿ ಮೊದಲು ಬರುವುದು ಗಂಡು ಹೂ. ಅದು ಕಂಡ ದಿನವೇ ಪರದೆ ತೆಗೆಯುವ ತಯಾರಿ ಮಾಡಿ. ತೆಗೆಯುವುದು ಸಂಜೆ ಹೊತ್ತು. ಎರಡು ದಿನ ಒಂದು ಪಕ್ಕ ಮಾತ್ರ ಎತ್ತಿ, ಆಮೇಲೆ ಪೂರ್ತಿ. ಸುಮ್ನೆ ಮಧ್ಯಾಹ್ನ ಹನ್ನೆರಡಕ್ಕೆ ಕಿತ್ತೆಸೆದರೆ ನೆರಳಿನಲ್ಲಿ ಬೆಳೆದ ಎಲೆ ಸುಟ್ಟುಹೋಗುತ್ತದೆ. ಬೆಳಗಿನ ಹೊತ್ತು ಔಷಧಿ ಹೊಡೆಯಬೇಡಿ, ಆಗಲೇ ಜೇನು ಬರುವುದು. ಟೊಮೆಟೊ, ಮೆಣಸಿನಕಾಯಿಗೆ ಜೇನಿನ ಹಂಗು ಅಷ್ಟಿಲ್ಲ, ಆದರೆ ಗಿಡ ಬಟ್ಟೆಗೆ ತಾಗುವಷ್ಟು ಬೆಳೆದ ಮೇಲೆ ಅಲ್ಲೂ ತೆಗೆಯಲೇಬೇಕು. ಪರದೆಯ ಖರ್ಚೇ ಬೇಡ ಅನ್ನುವವರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ನೋಡಿ. ಎಲೆ ಮುದುಡು ರೋಗವನ್ನೂ ತಡೆದುಕೊಳ್ಳುವ ತಳಿ ಅದು.

ಪ್ರಶ್ನೆ: ನಮ್ಮದು ಒಂದೂವರೆ ಇಂಚು ನೀರಿನ ಬೋರು. ಪ್ಲಾಸ್ಟಿಕ್ ಶೀಟಿಗೆ ದುಡ್ಡಿಲ್ಲ. ಹುಲ್ಲು ಹೊದಿಸಬಹುದಾ ಅಕ್ಕಾ? ಹಾಗೆ ಮಾಡಿದರೆ ಗೆದ್ದಲು ಬರುತ್ತದೆ ಅಂತ ನಮ್ಮ ಯಜಮಾನರು ಬೇಡ ಅನ್ನುತ್ತಾರೆ.
– ಓದುಗರು, ನಾಗಮಂಗಲ

ಹೊದಿಸಬಹುದು ತಂಗಿ. ಆದರೆ ಯಾವ ಹುಲ್ಲು ಅನ್ನುವುದೇ ಮುಖ್ಯ. ರಾಗಿ ಹುಲ್ಲು ತಂದು ಬದನೆ ಬುಡಕ್ಕೆ ಹಾಸಿದರೆ ನಮ್ಮತ್ತೆ ಇಂದಿಗೂ ಎದ್ದು ಬಂದು ಬೈಯುತ್ತಾರೆ. ಸರಿಯಾಗಿಯೇ ಬೈಯುತ್ತಾರೆ, ಅದು ದನದ ಬಾಯಿಂದ ಕಿತ್ತ ತುತ್ತು. ಮೆದೆಯ ತಳದಲ್ಲಿ ಮಳೆಗೆ ನೆನೆದು ಕಪ್ಪಾದ ಭತ್ತದ ಹುಲ್ಲು ಇರುತ್ತದಲ್ಲ, ದನ ಮೂಸಿಯೂ ನೋಡದಂಥದ್ದು, ಅದನ್ನು ತೆಗೆದುಕೊಳ್ಳಿ. ತೆಂಗಿನ ಗರಿ ಸಿಗಿದು ಹಾಕಬಹುದು. ಎಲ್ಲಕ್ಕಿಂತ ಒಳ್ಳೆಯದು ಕಬ್ಬಿನ ತರಗು. ಒಂದು ಎಕರೆ ಕಬ್ಬು ಕಡಿದರೆ ಮೂರು ನಾಲ್ಕು ಟನ್ ತರಗು ಬೀಳುತ್ತದೆ, ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬೆಂಕಿ ಇಡುವವರೇ ಜಾಸ್ತಿ. ನಾಲೆ ಬಯಲಿನ ನೆಂಟರು ಯಾರಾದರೂ ಇದ್ದರೆ ಕಡಿಯುವ ವಾರದಲ್ಲಿ ಫೋನು ಮಾಡಿ. ಟ್ರ್ಯಾಕ್ಟರ್ ಬಾಡಿಗೆ ಬಿಟ್ಟರೆ ಬೇರೆ ಖರ್ಚು ಬರಲಾರದು. ತುಂಬುವಾಗ ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ತರಗಿನ ಅಂಚು ಕೈ ಕೊಯ್ಯುತ್ತದೆ, ಸಂಜೆ ಸ್ನಾನಕ್ಕೆ ನೀರು ಹುಯ್ದುಕೊಂಡಾಗ ಗೊತ್ತಾಗುತ್ತದೆ.

ಸಸಿ ಗೇಣುದ್ದ ಆದ ಮೇಲೆ, ಮೊದಲ ಕಳೆ ತೆಗೆದು, ಮಡಿ ಚೆನ್ನಾಗಿ ನೆನೆಸಿ ಆಮೇಲೆ ಹಾಸಿ. ಒಣ ಮಣ್ಣಿನ ಮೇಲೆ ಹಾಸಿದರೆ ಮುಂದೆ ಬರುವ ಸಣ್ಣ ಮಳೆಯನ್ನು ತರಗೇ ಕುಡಿದುಬಿಡುತ್ತದೆ. ಹಾಸುವಾಗ ನಾಲ್ಕು ಇಂಚು ದಪ್ಪ ಇರಲಿ, ಹದಿನೈದು ದಿನಕ್ಕೆ ಅದು ಅರ್ಧಕ್ಕೆ ಕೂರುತ್ತದೆ. ಬುಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ. ಬುಡಕ್ಕೆ ಒತ್ತಿದರೆ ಕುತ್ತಿಗೆ ಕೊಳೆಯುತ್ತದೆ.

ಯಜಮಾನರ ಭಯ ಸುಳ್ಳಲ್ಲ. ಗೆದ್ದಲು ಬರುತ್ತದೆ. ಒಣ ಹುಲ್ಲು ಇರುವ ತನಕ ಅದನ್ನೇ ತಿನ್ನುತ್ತದೆ, ಹಸಿ ಗಿಡಕ್ಕೆ ಕೈ ಹಾಕುವುದು ಕಡಿಮೆ, ಮಡಿ ಪೂರ್ತಿ ಒಣಗಲು ಬಿಟ್ಟಾಗಲೇ ತೊಂದರೆ. ಕೆಳಗೊಂದಿಷ್ಟು ಬೇವಿನ ಹಿಂಡಿ ಎರಚಿ. ನನಗೆ ಗೆದ್ದಲಿಗಿಂತ ಕಾಟ ಕೊಟ್ಟಿದ್ದು ಬಸವನಹುಳು. ಮಳೆ ಹಿಡಿದರೆ ತರಗಿನ ಅಡಿಯೇ ಅವಕ್ಕೆ ಛತ್ರ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪರಂಗಿ ಎಲೆ, ಕೋಸಿನ ಹಾಳು ಎಲೆ ಇಟ್ಟು ಬಿಡಿ. ಬೆಳಿಗ್ಗೆ ಚೀಲ ಎತ್ತಿದರೆ ಎಲ್ಲ ಅಲ್ಲೇ ಸಭೆ ಸೇರಿರುತ್ತವೆ. ಆಯ್ದು ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಬರಿಗೈಯಲ್ಲಿ ಮುಟ್ಟಬೇಡಿ. ಮಳೆಗಾಲದಲ್ಲಿ ನಾನು ಹೊದಿಕೆ ತೆಳ್ಳಗೆ ಮಾಡುತ್ತೇನೆ.

ತರಗನ್ನು ಮಣ್ಣಿಗೆ ಮಾತ್ರ ಬೆರೆಸಬೇಡಿ. ಮೇಲೆ ಇದ್ದರೆ ಹೊದಿಕೆ. ಹಸಿಯಾಗಿ ಒಳಗೆ ಹೂತರೆ ಅದನ್ನು ಕೊಳೆಸುವ ಜೀವಾಣುಗಳು ಗಿಡದ ಸಾರಜನಕವನ್ನೇ ಸಾಲ ಪಡೆಯುತ್ತವೆ, ಗಿಡ ಹಳದಿ ತಿರುಗುತ್ತದೆ. ಬೆಳೆ ಮುಗಿದ ಮೇಲೆ ಸಗಣಿ ನೀರು ಎರಚಿ ಕೊಳೆಯಲು ಬಿಡಿ.

ನೀರು ಎಷ್ಟು ಉಳಿಯುತ್ತದೆ ಅಂತ ನಿಮಗೇ ತಿಳಿಯಬೇಕಾದರೆ ಪಂಪು ಹಾಕುವ ಮೊದಲು ಹೊದಿಕೆ ಸರಿಸಿ ಬೆರಳು ಮಣ್ಣಿಗೆ ಇಳಿಸಿ. ಎರಡನೇ ಗೆಣ್ಣಿನ ತನಕ ತಂಪಿದ್ದರೆ ಆ ದಿನ ಪಂಪು ಬೇಡ. ಕರೆಂಟು ಬಂತು ಅಂತ ಬಿಡುವುದು ನಮ್ಮೆಲ್ಲರ ಚಟ.

ಪ್ರಶ್ನೆ: 25 ಮೈಕ್ರಾನ್ ದಪ್ಪದ ಮಲ್ಚಿಂಗ್ ಶೀಟು ಅಂತ ಹೇಳಿ ಕೊಟ್ಟರು. ಎರಡೇ ತಿಂಗಳಿಗೆ ಹಪ್ಪಳದ ಹಾಗೆ ಪುಡಿಯಾಯಿತು. ಮೋಸ ಹೋಗದೆ ಕೊಳ್ಳುವುದು ಹೇಗೆ? ಸಹಾಯಧನ ಇದೆಯಾ?
– ಓದುಗರು, ಶ್ರೀರಂಗಪಟ್ಟಣ

ನಾನೂ ನಿಮ್ಮ ಹಾಗೇ ಮೋಸ ಹೋದವಳು. ಅಂಗಡಿಯ ಹೆಸರು ಬೇಡ. ಶೀಟು ಹರಿದ ಮೇಲೆ ಉಳಿದ ರೋಲನ್ನು ಬೆಲ್ಲದ ಆಲೆಮನೆಯ ತಕ್ಕಡಿಗೆ ಇಟ್ಟಾಗ ಗುಟ್ಟು ಗೊತ್ತಾಯಿತು. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಅದು ಕಣ್ಣಿಗೆ ಕಾಣದು, ತೂಕ ಕಾಣುತ್ತದೆ.

ಲೆಕ್ಕ ಹೀಗೆ. ರೋಲು 400 ಮೀಟರ್ ಉದ್ದ, 1.2 ಮೀಟರ್ ಅಗಲ. ಅಂದರೆ 480 ಚದರ ಮೀಟರ್. 25 ಮೈಕ್ರಾನ್ ಶೀಟು ಚದರ ಮೀಟರಿಗೆ ಸುಮಾರು 23 ಗ್ರಾಂ ತೂಗುತ್ತದೆ. ಗುಣಿಸಿದರೆ 11 ಕೆ.ಜಿ. ಮಧ್ಯದ ರಟ್ಟಿನ ಕೊಳವೆ ಇದಕ್ಕೆ ಸೇರಿಲ್ಲ. 30 ಮೈಕ್ರಾನ್ ಆದರೆ 13 ಕೆ.ಜಿ. ದಾಟಬೇಕು. ನನ್ನ ರೋಲು 8 ಕೆ.ಜಿ. ಲೆಕ್ಕಕ್ಕೆ ಬಂತು, ಅಂದರೆ ಅದು 18 ಮೈಕ್ರಾನಿಗಿಂತ ಹೆಚ್ಚಿರಲಿಲ್ಲ. ಈಗ ನಾನು ಅಂಗಡಿಗೆ ಹೋಗುವಾಗ ಮೀನಿನ ತಕ್ಕಡಿಯಂಥ ಕೊಕ್ಕೆ ತಕ್ಕಡಿ ಚೀಲದಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಅದನ್ನು ಹೊರತೆಗೆದ ಕೂಡಲೇ ಒಳಗಿನಿಂದ ಬೇರೆ ರೋಲು ಬರುತ್ತದೆ!

ಎಷ್ಟು ರೋಲು ಬೇಕು ಅಂತಲೂ ಇಬ್ಬರು ಕೇಳಿದ್ದಾರೆ. ಮಡಿಯಿಂದ ಮಡಿಗೆ ಐದು ಅಡಿ ಇಟ್ಟರೆ ಹತ್ತು ಗುಂಟೆಗೆ ಸುಮಾರು 2,180 ಅಡಿ ಮಡಿ ಬರುತ್ತದೆ. ಒಂದು ರೋಲು 1,312 ಅಡಿ. ಎರಡು ರೋಲು ತಂದರೆ ಒಂದಿಷ್ಟು ಉಳಿಯುತ್ತದೆ. ಎಕರೆಗೆ ಏಳು.

ಸಹಾಯಧನ ತೋಟಗಾರಿಕೆ ಇಲಾಖೆಯಲ್ಲಿ ಕೇಳಿ. ಕೊಳ್ಳುವ ಮೊದಲೇ ಕೇಳಿ. ಶೀಟು ಹಾಸಿ, ಬೆಳೆ ತೆಗೆದು, ಆಮೇಲೆ ಬಿಲ್ಲು ಹಿಡಿದು ಹೋದವರು ಬರಿಗೈಯಲ್ಲಿ ಬಂದಿದ್ದಾರೆ.

ಹರಿದ ಶೀಟನ್ನು ಉಳುಮೆಗೆ ಸೇರಿಸಬೇಡಿ, ಬದುವಿನಲ್ಲಿ ಸುಡಲೂಬೇಡಿ. ತೆಳು ಶೀಟಿನ ದೊಡ್ಡ ಶಾಪ ಇದೇ, ಕೊನೆಗೆ ಸುತ್ತಿ ಎತ್ತಲೂ ಬಾರದು. ನನ್ನ ಆ 8 ಕೆ.ಜಿ. ರೋಲಿನ ಚೂರುಗಳು ಇವತ್ತಿಗೂ ಕುಡುಗೋಲಿಗೆ ಸಿಗುತ್ತವೆ.

ಪ್ರಶ್ನೆ: ಮಲ್ಚಿಂಗ್ ಶೀಟಿನ ಒಂದು ಬದಿ ಬೆಳ್ಳಿ, ಇನ್ನೊಂದು ಬದಿ ಕಪ್ಪು. ಹಾಸುವಾಗ ಬೆಳ್ಳಿ ಬಣ್ಣ ಮೇಲೋ, ಕಪ್ಪು ಮೇಲೋ?
– ಓದುಗರು, ಕೆ.ಆರ್. ಪೇಟೆ

ಬೆಳ್ಳಿ ಮೇಲೆ. ಅದರ ಹೊಳಪಿಗೆ ಗಿಡದ ಹೇನು, ಬಿಳಿನೊಣ, ಥ್ರಿಪ್ಸು ತಬ್ಬಿಬ್ಬಾಗುತ್ತವೆ. ಕೆಳಗಿನ ಕಪ್ಪು ಕಳೆಗೆ ಬೆಳಕು ಬಿಡುವುದಿಲ್ಲ. ಕಪ್ಪು ಮೇಲೆ ಮಾಡಿದರೆ ಏಪ್ರಿಲ್ ಬಿಸಿಲಿಗೆ ಸಸಿಯ ಕುತ್ತಿಗೆ ಸುಡುತ್ತದೆ. ತೂತಿನ ಸುತ್ತ ಒಂದು ಹಿಡಿ ಮಣ್ಣು ಹಾಕಿ ಮುಚ್ಚಿ, ಇಲ್ಲದಿದ್ದರೆ ಶೀಟಿನ ಅಡಿಯ ಬಿಸಿಗಾಳಿ ಎಲ್ಲ ಆ ತೂತಿನಿಂದಲೇ ಸಸಿಗೆ ಹೊಡೆಯುತ್ತದೆ.

ಪ್ರಶ್ನೆ: ಜೇಕು ಕಳೆ (ಕೊನ್ನಾರಿ) ನಮ್ಮ ಮಲ್ಚಿಂಗ್ ಶೀಟನ್ನೇ ಸೂಜಿಯ ಹಾಗೆ ಚುಚ್ಚಿ ಮೇಲೆ ಬಂದಿದೆ. ಏನು ಮಾಡಲಿ?
– ಓದುಗರು, ಟಿ. ನರಸೀಪುರ

ಅಣ್ಣಾ, ಜೇಕಿನ ಮುಂದೆ ನಾನೂ ಕೈ ಮುಗಿದಿದ್ದೇನೆ. ಬೇರೆ ಕಳೆ ಎಲ್ಲವನ್ನೂ ಶೀಟು ತಡೆಯುತ್ತದೆ, ಜೇಕಿನ ಗಡ್ಡೆಯ ಮೊಳಕೆಯನ್ನು ಮಾತ್ರ ತಡೆಯದು. ಈ ಬೆಳೆಗೆ ಬಂದದ್ದನ್ನು ಕೀಳುತ್ತಾ ಇರುವುದೇ ಗತಿ. ಮುಂದಿನದಕ್ಕೆ ಮಾರ್ಚಿನಲ್ಲಿ ಆಳವಾಗಿ ಉಳುಮೆ ಮಾಡಿಸಿ, ಗಡ್ಡೆ ಆಯ್ದು ಬದುವಿಗಲ್ಲ, ಬಂಡೆಯ ಮೇಲೆ ಒಣಗಿಸಿ. ಆಮೇಲೆ ಏಪ್ರಿಲ್, ಮೇ ಬಿಸಿಲಿನಲ್ಲಿ ಮಣ್ಣು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಸಿ, ಅಂಚು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಮೇಲಿನ ಮಣ್ಣಿನ ಕಳೆ ಬೀಜ, ಬೇರುಗಂಟಿನ ಜಂತು, ಸಸಿ ಕೊಳೆಸುವ ಶಿಲೀಂಧ್ರ ಬಹಳಷ್ಟು ಸಾಯುತ್ತವೆ. ಆಳದ ಜೇಕು ಗಡ್ಡೆ ಸಾಯುವುದಿಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮಳವಳ್ಳಿಯ ತಮ್ಮನ ಟನಲ್ ಪ್ಲಾಸ್ಟಿಕ್ಕಿಗೂ ಇದೇ ಒಳ್ಳೆಯ ಕೆಲಸ.

ಪ್ರಶ್ನೆ: ಮೇಡಂ, ನಿವೃತ್ತನಾಗಿ ತಾರಸಿ ತೋಟ ಮಾಡಿದ್ದೇನೆ. ಏಪ್ರಿಲ್‌ನಲ್ಲಿ ಕೊತ್ತಂಬರಿ ಬರುವುದೇ ಇಲ್ಲ. ಇವೆಲ್ಲ ನಮಗೂ ಆಗುತ್ತವೆಯೇ?
– ಓದುಗರು, ಕುವೆಂಪುನಗರ, ಮೈಸೂರು

ಆಗುತ್ತವೆ ಸಾರ್, ಪ್ಲಾಸ್ಟಿಕ್ ಶೀಟು ಮಾತ್ರ ಬೇಡ. ನಿಮ್ಮ ರಸ್ತೆಯಲ್ಲೇ ಮರಗಳು ಸುರಿಸುವ ಒಣ ಎಲೆ ಚೀಲಕ್ಕೆ ತುಂಬಿಕೊಳ್ಳಿ, ಅದಕ್ಕೆ ಬೆಂಕಿ ಬೀಳುವುದೂ ತಪ್ಪುತ್ತದೆ. ಕುಂಡದ ಗಿಡಕ್ಕೆ ಎರಡು ಇಂಚು ಎಲೆ ಸಾಕು. ಕೊತ್ತಂಬರಿಗೆ ಬಿತ್ತಿದ ಕೂಡಲೇ ಹಾಕಬೇಡಿ, ಮೊಳೆತು ಎರಡು ಇಂಚು ಆದ ಮೇಲೆ ಸಾಲಿನ ಮಧ್ಯೆ ಉದುರಿಸಿ. ಬೀಜವನ್ನು ಎರಡು ಹೋಳಾಗುವ ಹಾಗೆ ಚಪ್ಪಲಿಯಿಂದ ಉಜ್ಜಿಯೇ ಬಿತ್ತಬೇಕು, ಮರೆಯಬೇಡಿ. ಮೇಲೆ ಕಮಾನು ಮಾಡಿ ಅರ್ಧ ಬಿಸಿಲು ತಡೆಯುವ, 50ರ ಹಸಿರು ಶೇಡ್ ನೆಟ್ ಕಟ್ಟಿ, ಬುಡದಲ್ಲಿ ಒಂದು ಅಡಿ ಗಾಳಿಗೆ ಬಿಡಿ. ಇದೂ ಲೋ ಟನಲ್ಲೇ, ಬಿಸಿಲಿನ ವಿರುದ್ಧ.

ಪ್ರಶ್ನೆ: ಇದೆಲ್ಲ ಮಾಡಿದರೆ ಇಳುವರಿ ಎಷ್ಟು ಪಟ್ಟು ಬರುತ್ತದೆ? ಒಂದು ಸಂಖ್ಯೆ ಹೇಳಿ.
– ಓದುಗರು, ಹುಣಸೂರು

ಹೇಳುವುದಿಲ್ಲ. ಶೀಟು ಮಾರುವವರು ಹೇಳುತ್ತಾರೆ, ಅವರನ್ನು ಕೇಳಿ.

ನನ್ನ ಪುಸ್ತಕದಲ್ಲಿ ಇರುವುದು ಇಷ್ಟು. ಮೊದಲು ಟೊಮೆಟೊಗೆ ಮೂರು ಸಲ ಕಳೆಗೆ ಆಳು ಇಡುತ್ತಿದ್ದೆ, ಈಗ ಮಡಿಗಳ ನಡುವಿನ ಕಾಲುವೆಯ ಕಳೆಗೆ ಒಂದು ಸಲ. ಬೇಸಿಗೆಯಲ್ಲಿ ದಿನ ಬಿಟ್ಟು ದಿನ ಬಿಡುತ್ತಿದ್ದ ನೀರು ಮೂರು ದಿನಕ್ಕೊಮ್ಮೆ ಆಯಿತು. ಕಾಯಿ ಮಣ್ಣಿಗೆ ತಾಗಿ ಕೊಳೆಯುವುದು ನಿಂತದ್ದರಿಂದ ಬಂಡಿಪಾಳ್ಯದಲ್ಲಿ ಎರಡನೇ ದರ್ಜೆಗೆ ಬೀಳುವ ಕ್ರೇಟು ಕಡಿಮೆಯಾಯಿತು. ಜಾಸ್ತಿ ಬಂದ ಕಾಯಿಗಿಂತ ಹಾಳಾಗದೆ ಉಳಿದ ಕಾಯಿಯೇ ನನಗೆ ದುಡ್ಡು ತಂದದ್ದು.

ನಿಮ್ಮ ಸಂಖ್ಯೆ ನೀವೇ ಕಂಡುಕೊಳ್ಳಿ. ಹತ್ತು ಮಡಿ ಇದ್ದರೆ ಎರಡನ್ನು ಹಳೇ ಪದ್ಧತಿಯಲ್ಲೇ ಬಿಡಿ. ತುದಿಯದ್ದು ಬೇಡ, ನಡುವಿನವು. ಪ್ರತಿ ಕೊಯ್ಲಿಗೂ ಬೇರೆ ಬೇರೆ ತೂಗಿ ಬರೆದಿಡಿ, ಆಳಿನ ಕೂಲಿಯನ್ನೂ ಬರೆಯಿರಿ. ಯುಗಾದಿ ಕಳೆದ ಮೇಲೆ ಆ ಹಾಳೆ ನನಗೆ ಕಳಿಸಿದರೆ ಇದೇ ಅಂಕಣದಲ್ಲಿ ಹಾಕೋಣ. ನಷ್ಟವಾದರೂ ಕಳಿಸಿ.